ಎರಡನೇ ಸಲ ಕೇಳು

ಧಾರವಾಡದಿಂದ ನೀನು ಬರೆದದ್ದು ಓದಿದೆ. ಸೇನೆಯ ಕಾನೂನು ವಿಭಾಗವಾದ ಜೆಎಜಿ ಶಾಖೆಯಲ್ಲಿ ಹತ್ತು ವರ್ಷ ಮುಗಿಸಿದ್ದೀಯ. ಹೆಂಡತಿಗೆ ಟೆಕ್ಸಾಸ್‌ನಲ್ಲಿ ಕೆಲಸ ಸಿಕ್ಕಿದೆ, ಜನವರಿಯಲ್ಲಿ ಹೊರಡುತ್ತೀರಿ. ನಮ್ಮ ಎಲ್‌ಎಲ್‌ಬಿ ಅಲ್ಲಿ ನಡೆಯುತ್ತಾ, ಓದಿನ ಖರ್ಚಿಗೆ ಏನು ದಾರಿ, ಸಮವಸ್ತ್ರ ಬಿಚ್ಚಿಟ್ಟ ಮೇಲೆ ವಕೀಲಿಯಲ್ಲಿ ಜನರಿಗಾಗಿ ದುಡಿದ ಸಮಾಧಾನ ಸಿಗುತ್ತಾ ಅಂತ ಕೇಳಿದ್ದೀಯ. ಅಮೆರಿಕದಲ್ಲಿ ಮಾಜಿ ಸೈನಿಕರ ಕೇಸು ನಡೆಸುವ ವಕೀಲೆ ನಾನು, ನನ್ನನ್ನು ಅಕ್ಕ ಅಂದಿದ್ದೀಯ, ಅದಕ್ಕೇ ಏಕವಚನ. ಹವಾಲ್ದಾರನ ಮಗಳು ಮೇಜರ್ ಸಾಹೇಬರಿಗೆ ‘ನೀನು’ ಅಂದಳು ಅಂತ ಗೊತ್ತಾದರೆ ನಮ್ಮಪ್ಪ ಕೂತಲ್ಲೇ ಸಾವಧಾನ್ ಆಗುತ್ತಾರೆ!

ಎಲ್‌ಎಲ್‌ಬಿ ವಿಷಯ ಬೇಗ ಹೇಳಿಬಿಡುತ್ತೇನೆ. ಇಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ನಿಯಮ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಹೊರದೇಶದ ಪದವಿಯವರಿಗೂ ಬಾರ್ ಪರೀಕ್ಷೆಗೆ ದಾರಿ ಇಟ್ಟಿವೆ. ಯಾವುದಾದರೂ ಒಂದು ರಾಜ್ಯದ ಸನ್ನದು ಇದ್ದರೆ ಸಾಕು, ಮಾಜಿ ಸೈನಿಕರ ಇಲಾಖೆಯಿಂದ ಮಾನ್ಯತೆ ಪಡೆದು ಅವರ ಪರಿಹಾರದ ಕೇಸುಗಳನ್ನು ನಡೆಸಬಹುದು. ಆದರೆ ಹೆಂಡತಿಯ ವೀಸಾ ಮೇಲೆ ಬರುತ್ತಿದ್ದೀಯ, ಎಲ್ಲಕ್ಕಿಂತ ಮೊದಲು ಕೆಲಸದ ಪರವಾನಗಿ ವಿಚಾರಿಸು.

ಖರ್ಚಿನ ವಿಷಯದಲ್ಲಿ ನನ್ನನ್ನು ನೋಡಿ ಲೆಕ್ಕ ಹಾಕಬೇಡ. ನಾನು 2007ರಲ್ಲಿ ಎಂಎಸ್ ಓದಲು ಬಂದವಳು. 2009ರಲ್ಲಿ ಮಾವ್ನಿ ಅಂತ ಒಂದು ಯೋಜನೆ ಬಂತು. ಗ್ರೀನ್ ಕಾರ್ಡ್ ಇಲ್ಲದಿದ್ದರೂ ಬೇಕಾದ ಭಾಷೆ ಗೊತ್ತಿದ್ದರೆ ಇಲ್ಲಿನ ಸೇನೆಗೆ ಸೇರಬಹುದಿತ್ತು. ನನಗೆ ಹಿಂದಿ ಬರುತ್ತಿತ್ತು, ಸೇರಿದೆ. ಆಮೇಲೆ ಸೈನಿಕರ ಓದಿನ ಖರ್ಚು ಕೊಡುವ ಜಿಐ ಬಿಲ್‌ನ 36 ತಿಂಗಳ ಸೌಲಭ್ಯದಲ್ಲಿ ಮೂರು ವರ್ಷದ ಕಾನೂನು ಪದವಿ ಮುಗಿಯಿತು. ಮಾವ್ನಿ 2016ರಲ್ಲೇ ನಿಂತುಹೋಯಿತು. ಭಾರತದ ಸೇನೆಯ ಸೇವೆಗೆ ಜಿಐ ಬಿಲ್ ಸಿಗುವುದಿಲ್ಲ. ನೀನು ಕೈಯಿಂದಲೇ ಹಾಕಬೇಕು.

ನಾನು ಬಂದ ದಿನ ವಿಮಾನ ನಿಲ್ದಾಣದಲ್ಲಿ ಸೈನಿಕರ ಒಂದು ಗುಂಪು ನಡೆದು ಹೋಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ನಿವೃತ್ತಿಯಾದ ದಿನ ಬೆಳಗಾವಿಯಿಂದ ಕೆಂಪು ಬಸ್ಸಿನಲ್ಲಿ ಬಂದಿದ್ದರು. ಟ್ರಂಕಿಗೂ ಟಿಕೆಟ್ ತಗೋಬೇಕು ಅಂತ ಕಂಡಕ್ಟರ್ ಜಗಳ ತೆಗೆದಿದ್ದ. ಅದು ನೆನಪಾಗಿ ಇದೆಂಥ ದೇಶ ಅಂತ ಗಂಟಲು ಕಟ್ಟಿತ್ತು. ಈಗ ಅದೇ ಚಪ್ಪಾಳೆ ಗಿಟ್ಟಿಸಿದವರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿಕೊಂಡು ನನ್ನ ಬಾಗಿಲಿಗೆ ಬರುತ್ತಾರೆ.

ಒಂದು ಕಾಲಕ್ಕೆ ಈ ಕೆಲಸಕ್ಕೆ ವಕೀಲರೇ ಬರುತ್ತಿರಲಿಲ್ಲ. ಸೈನಿಕರನ್ನು ಸುಲಿಯಬಾರದು ಅಂತ 1864ರಲ್ಲಿ ಫೀಸಿಗೆ 10 ಡಾಲರ್ ಮಿತಿ ಹಾಕಿದರು. 1988ರವರೆಗೂ ಅದೇ ನಡೆಯಿತು! ಆ ವರ್ಷದ ಕಾನೂನಿನಿಂದಲೇ ಮಾಜಿ ಸೈನಿಕರ ಮೇಲ್ಮನವಿಗೆ ಒಂದು ನ್ಯಾಯಾಲಯವೂ ಆಯಿತು. ಇವತ್ತಿಗೂ ಮೊದಲ ಅರ್ಜಿ ಹಾಕಿಕೊಡಲು ವಕೀಲರು ಫೀಸು ತಗೊಳ್ಳುವಂತಿಲ್ಲ. ದುಡ್ಡು ಮಾಡೋಕೆ ಬೇರೆ ದಾರಿಗಳಿವೆ, ಅದು ನಿನಗೂ ಗೊತ್ತು.

ಸಮಾಧಾನ ಸಿಗುತ್ತಾ? ಸಿಗುತ್ತೆ, ತಿಂಗಳಿಗೆ ಒಂದು ಸಲ. ಉಳಿದ ದಿನ ಫ್ಯಾಕ್ಸ್ ಮಾಡೋದು, ಕಾಯೋದು. ಪಲ್ಟನ್ ಇರಲ್ಲ. ಹುಕುಂ ಕೊಡೋರೂ ಇಲ್ಲ, ಪಾಲಿಸೋರೂ ಇಲ್ಲ. ಅಲ್ಲಿ ಸೇನೆಯ ಪರ ಕಾಗದ ತಯಾರಿಸಿದವನು ಇಲ್ಲಿ ಎದುರು ಕಡೆ ಕೂರುತ್ತೀಯ. ಅದು ಬೇಗ ರೂಢಿಯಾಗುತ್ತದೆ. ನನಗೆ ರೂಢಿಯಾಗದೇ ಉಳಿದದ್ದು ಬೇರೆ.

ನಾನು ವಕೀಲಿ ಶುರುಮಾಡಿದ ಎರಡನೇ ವರ್ಷ. ವಿಯೆಟ್ನಾಂನಲ್ಲಿದ್ದ ಒಬ್ಬ ಹಿರಿಯರು ಬಂದರು, ವಯಸ್ಸು 76. ಏಜೆಂಟ್ ಆರೆಂಜ್ ಅನ್ನೋ ಎಲೆ ಉದುರಿಸುವ ವಿಷ ಸಿಂಪಡಿಸಿದ ಕಡೆ ಕೆಲಸ ಮಾಡಿದ್ದರು. ಅವರ ಕಾಯಿಲೆ ಸರ್ಕಾರ ಒಪ್ಪಿಕೊಂಡ ಪಟ್ಟಿಯಲ್ಲಿ ಇರಲಿಲ್ಲ. ಸೇವೆಯಿಂದಲೇ ಬಂದಿದ್ದು ಅಂತ ತೋರಿಸಲು ಡಾಕ್ಟರ ಪತ್ರ ಬೇಕಿತ್ತು. ಕೇಸು ಆಗಲೇ ಮಾಜಿ ಸೈನಿಕರ ಮೇಲ್ಮನವಿ ಮಂಡಳಿಯಲ್ಲಿತ್ತು. 75 ತುಂಬಿದವರ ಕೇಸನ್ನು ಸರದಿ ಬಿಟ್ಟು ಮುಂದೆ ತರಲು ಕೇಳಿಕೊಳ್ಳಬಹುದು, ಒಂದು ಪುಟದ ಮನವಿ ಸಾಕು. ನಾನು ಹಾಕಲಿಲ್ಲ. ಒಳ್ಳೆ ಪತ್ರ ಕೈಗೆ ಬರಲಿ, ಆಮೇಲೆ ಹಾಕೋಣ ಅಂದುಕೊಂಡೆ. ಪ್ರತಿ ವಾರ ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳುತ್ತಿದ್ದೆ. ‘ಏನೂ ತೊಂದರೆ ಇಲ್ಲ ಮ್ಯಾಮ್’ ಅನ್ನುತ್ತಿದ್ದರು. ನಾನು ಫೈಲ್‌ನಲ್ಲಿ ಹಾಗೇ ಬರೆದುಕೊಳ್ಳುತ್ತಿದ್ದೆ.

ನಾನೂ ಸೈನ್ಯದಲ್ಲಿದ್ದವಳು. ಕಾಲು ಮುರಿದರೂ ಸೈನಿಕರು ಹೇಳುವುದು ಅದನ್ನೇ. ನಮ್ಮ ಮನೆಯಲ್ಲೇ ಇಪ್ಪತ್ತು ವರ್ಷ ‘ಆರಾಮ್ ಅದೀನಿ’ ಕೇಳಿ ಬೆಳೆದಿದ್ದೆ. ಆದರೂ ಎರಡನೇ ಸಲ ಕೇಳಲಿಲ್ಲ.

ಪತ್ರ ಬರುವ ಹೊತ್ತಿಗೆ ಅವರು ಇರಲಿಲ್ಲ. ಹೆಂಡತಿ ಇದ್ದಿದ್ದರೆ ಒಂದು ವರ್ಷದೊಳಗೆ ಕೇಳಿಕೊಂಡು ಕೇಸನ್ನು ಮುಂದುವರಿಸಬಹುದಿತ್ತು. ಅವರಿಗೆ ಯಾರೂ ಇರಲಿಲ್ಲ. ಅರ್ಜಿ ಅವರ ಜೊತೆಗೇ ಹೋಯಿತು. ಡಾಕ್ಟರ ಪತ್ರ ಇನ್ನೂ ನನ್ನ ಡ್ರಾಯರ್‌ನಲ್ಲಿದೆ. ತುಂಬ ಚೆನ್ನಾಗಿ ಬರೆದಿದ್ದಾರೆ.

ಜೋಳದ ಹಿಟ್ಟು ಹೊತ್ತು ತರಬೇಡ, ಇಲ್ಲೇ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ. ಶೇಂಗಾ ಚಟ್ನಿ ತಾ.

ಇನ್ನೊಂದು ಮಾತು. ಹೊರಡುವ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಬೈಲಹೊಂಗಲದ ಹತ್ತಿರ ನಮ್ಮೂರಿಗೆ ಹೋಗಿ ಬರ್ತೀಯಾ? ಫೈರಿಂಗ್ ರೇಂಜಿನಲ್ಲಿ ಅಪ್ಪನ ಬಲಗಿವಿ ಹೋಗಿದೆ. ಅಂಗವಿಕಲತೆ ಪಿಂಚಣಿಗೆ ಅವರು ಯಾವತ್ತೂ ಅರ್ಜಿ ಹಾಕಿಲ್ಲ. ಸೇರುವಾಗ ಇಲ್ಲದ ತೊಂದರೆ ಸೇವೆಯಲ್ಲಿ ಬಂದರೆ ಅನುಮಾನದ ಲಾಭ ಸೈನಿಕನಿಗೇ ಅಂತ 2013ರ ಧರಂವೀರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ, ಅದು ನನಗಿಂತ ನಿನಗೇ ಜಾಸ್ತಿ ಗೊತ್ತು. ಕಾಗದವೆಲ್ಲ ಅದೇ ಟ್ರಂಕಿನಲ್ಲಿವೆ. ನಾನು ಫೋನಿನಲ್ಲಿ ಕೇಳಿದರೆ ಮಾತು ಮರೆಸುತ್ತಾರೆ. ಮೇಜರ್ ಸಾಹೇಬರು ಕೇಳಿದರೆ ತೆಗೆದು ತೋರಿಸಬಹುದು. ಎಡಗಡೆ ಕೂತು ಮಾತಾಡು. ಮೊದಲ ಸಲ ಕೇಳಿದರೆ ‘ಆರಾಮ್ ಅದೀನ್ರಿ ಸಾಹೇಬ್ರ’ ಅಂತಾರೆ. ಚಹಾ ಕುಡಿದು ಇನ್ನೊಂದು ಸಲ ಕೇಳು.