ಗಾಡಿಯ ಮೇಲಿಂದ ಕಂಡ ಕುದುರೆ

ಪ್ರಶ್ನೆ: ಡಾಕ್ಟರ್ ಸಾರ್, ನಮ್ಮ ತಂದೆಗೆ 72 ವರ್ಷ. ಮೈಸೂರಿನಲ್ಲಿ ಅರಮನೆ ಸುತ್ತಮುತ್ತ ನಲವತ್ತು ವರ್ಷ ಟಾಂಗಾ ಓಡಿಸಿದವರು. ಮಂಡಿ ನೋವು ಜಾಸ್ತಿಯಾಗಿ, ದಸರಾ ಮುಗಿದ ಮೇಲೆ ನಮ್ಮ ಕುದುರೆ ರಾಣಿಯನ್ನು ಶ್ರೀರಂಗಪಟ್ಟಣದ ಕಡೆಯವರೊಬ್ಬರಿಗೆ ಮಾರಿದೆವು. ಏಳು ತಿಂಗಳಾಯಿತು. ಅವರು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾರೆ. ಆದರೆ ಅಪ್ಪ ಮಾತು ಕಡಿಮೆ ಮಾಡಿಬಿಟ್ಟಿದ್ದಾರೆ. ಈಗಲೂ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಖಾಲಿ ಲಾಯದ ಮುಂದೆ ಕೂರುತ್ತಾರೆ. ಮೊಮ್ಮಗನ ಪೆನ್ಸಿಲ್ ತೆಗೆದುಕೊಂಡು ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ಕುದುರೆ ಬಿಡಿಸುತ್ತಾರೆ, ಅದೂ ಯಾವಾಗಲೂ ಹಿಂಭಾಗವನ್ನೇ. ಒಂದರಲ್ಲೂ ಮುಖವಿಲ್ಲ. ಅಪ್ಪನಿಗೆ ಅರಳುಮರಳು ಅಂತ ನಮ್ಮಣ್ಣನ ಅನುಮಾನ. ಒಮ್ಮೆ ರಾಣಿಯನ್ನು ತೋರಿಸಿಕೊಂಡು ಬರೋಣ ಅಂದರೆ, ‘ಬೇಡ, ಮನಸ್ಸು ಇನ್ನೂ ಕೆಡುತ್ತೆ, ಅದಕ್ಕೆ ಗುರುತೂ ಇರಲ್ಲ’ ಅನ್ನುತ್ತಾನೆ. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ತಾಯಿ, ಮೊದಲು ಆ ಹಾಳೆಗಳನ್ನು ಜೋಪಾನವಾಗಿ ಎತ್ತಿಡಿ, ರದ್ದಿಗೆ ಹಾಕಬೇಡಿ. ಗಾಡಿಯ ಹಲಗೆ ಮೇಲೆ ನಲವತ್ತು ವರ್ಷ ಕೂತವರ ಕಣ್ಣಿಗೆ ದಿನಾ ಬಿದ್ದದ್ದೇನು ಹೇಳಿ? ಕುದುರೆಯ ಹಿಂಭಾಗ, ಬೆನ್ನು, ಜೂಲು, ಎರಡು ಕಿವಿ. ನಿಮ್ಮ ತಂದೆ ಕಂಡದ್ದನ್ನೇ ಬಿಡಿಸಿದ್ದಾರೆ. ದುಡ್ಡಿನ ಲೆಕ್ಕ, ಮನೆಯ ದಾರಿ ತಪ್ಪುತ್ತಿದ್ದರೆ ವೈದ್ಯರಿಗೆ ತೋರಿಸಿ. ಈ ಚಿತ್ರಗಳಿಗಾಗಿ ಅಲ್ಲ.

ಹಳೇಬೀಡಿನ ಗುಡಿಯ ಗೋಡೆ ಬುಡದಲ್ಲಿ ಸಾಲಾಗಿ ಓಡುವ ಕುದುರೆಗಳನ್ನು ನೋಡಿದ್ದೀರಲ್ಲ, ಎಲ್ಲವೂ ಪಕ್ಕದಿಂದ ಕಂಡವು. ಹಂಪಿಯ ಮಹಾನವಮಿ ದಿಬ್ಬದ ಮೇಲೆ ಪರದೇಶದ ವ್ಯಾಪಾರಿಗಳು ನಡೆಸಿಕೊಂಡು ಬರುವ ಕುದುರೆಗಳೂ ಹಾಗೆಯೇ. ಸಾಗಣೆಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ವಿಜಯನಗರದ ಅರಸ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದ ಎಂದು ಆ ಕಾಲದಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸರ ನುನಿಜ್ ಬರೆದಿಟ್ಟಿದ್ದಾನೆ. ಅಷ್ಟು ಬೇಕಾಗಿತ್ತು ಅವರಿಗೆ ಕುದುರೆ. ಆದರೆ ಅದು ದಂಡಿನ ಲೆಕ್ಕ. ಚಿತ್ರಕಾರ ಎಂ. ಎಫ್. ಹುಸೇನರ ಕುದುರೆಗಳು ಕತ್ತು ಹೊರಳಿಸಿ, ಹಲ್ಲು ಕಿರಿದು ನುಗ್ಗುತ್ತವೆ. ನನಗೆ ಬಹಳ ಇಷ್ಟ. ಅವೂ ಎದುರು ನಿಂತು ನೋಡಿದವರ ಕುದುರೆಗಳೇ. ಲಾಯದಲ್ಲಿ ಬೆನ್ನು ತಿರುಗಿಸಿ ನಿಂತ ಕುದುರೆಗಳನ್ನು ಫ್ರಾನ್ಸಿನ ಜೆರಿಕೊ ಎಂಬ ಚಿತ್ರಕಾರ ಬಿಡಿಸಿದ್ದಾನೆ. ಕುದುರೆಯ ಹುಚ್ಚು ಹಿಡಿದಿದ್ದವನು, ಸವಾರಿಯಲ್ಲಿ ಬಿದ್ದು ಪೆಟ್ಟು ತಿಂದು, 1824ರಲ್ಲಿ 32ನೇ ವಯಸ್ಸಿಗೇ ತೀರಿಕೊಂಡ. ಕುದುರೆಯ ಮನೆಯೊಳಗೆ ಓಡಾಡಿದವನಿಗೆ ಮಾತ್ರ ಆ ನೋಟ ಹೊಳೆಯುತ್ತದೆ.

ಈಗ ಒಂದು ಕೆಲಸ ಮಾಡಿ. ಆ ಹಾಳೆಗಳಲ್ಲಿ ಕಿವಿಗಳನ್ನು ನೋಡಿ. ಒಂದು ಕಿವಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿದೆಯೇ? ಕುದುರೆ ಸಿಟ್ಟಾದರೆ ಎರಡೂ ಕಿವಿಗಳನ್ನು ತಲೆಗೆ ಅಂಟಿಸಿಕೊಳ್ಳುತ್ತದೆ. ಒಂದೇ ಕಿವಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದರೆ, ಕೂತವರ ದನಿಗೆ ಕಾಯುತ್ತಿದೆ ಎಂದರ್ಥ. ಕಣ್ಣುಪಟ್ಟಿ ಕಟ್ಟಿದ ಗಾಡಿ ಕುದುರೆಗೆ ಹಿಂದೆ ಕೂತ ಯಜಮಾನ ಕಾಣುವುದಿಲ್ಲ. ಅವನ ಕೆಮ್ಮು, ‘ಹೋಯ್’ ಎನ್ನುವುದು, ಲಗಾಮಿನ ಎಳೆತ, ಇಷ್ಟರಲ್ಲೇ ಅವನನ್ನು ಅರಿಯಬೇಕು. ಆ ಕಿವಿ ನಿಮ್ಮ ತಂದೆಯ ಕಡೆಗೇ ತಿರುಗಿದ್ದು, ತಾಯಿ.

ಗುರುತಿನ ವಿಷಯಕ್ಕೆ ಬರುತ್ತೇನೆ. ನಾನು ಪಶುವೈದ್ಯನಾಗಿ ಕೆಲಸಕ್ಕೆ ಸೇರಿ ಎರಡನೇ ವರ್ಷ. ರಾತ್ರಿ ಹನ್ನೊಂದಕ್ಕೆ ಮಂಡಿ ಮೊಹಲ್ಲಾದಿಂದ ಕರೆ ಬಂತು. ಟಾಂಗಾದ ಸಾಹೇಬರೊಬ್ಬರ ಹೆಣ್ಣು ಕುದುರೆಗೆ ಹೊಟ್ಟೆ ಹಿಡಿದುಕೊಂಡಿತ್ತು. ಕುದುರೆಗೆ ವಾಂತಿ ಮಾಡಲಿಕ್ಕಾಗುವುದಿಲ್ಲ. ತಿಂದದ್ದು ಒಳಗೆ ಸಿಕ್ಕಿಕೊಂಡರೆ ಜೀವಕ್ಕೇ ಬರುತ್ತದೆ. ಇಂಜೆಕ್ಷನ್ ಕೊಟ್ಟೆ, ಮೂಗಿನಿಂದ ನಳಿಕೆ ಇಳಿಸಿ ಎಣ್ಣೆ ಬಿಟ್ಟೆ. ಆಮೇಲೆ, ಸಮಾಧಾನ ಹೇಳುತ್ತಿದ್ದೇನೆ ಅಂದುಕೊಂಡು, ‘ವಯಸ್ಸಾದ ಕುದುರೆ, ಹೋದರೆ ಇನ್ನೊಂದು ತಂದರಾಯಿತು ಬಿಡಿ’ ಅಂದುಬಿಟ್ಟೆ. ಅವರು ಮಾತಾಡಲಿಲ್ಲ. ಹಗ್ಗ ಹಿಡಿದು ಅಂಗಳದಲ್ಲಿ ನಡೆಸತೊಡಗಿದರು. ರಾತ್ರಿಯಿಡೀ ನಡೆದರು. ಅದು ಮಲಗಿ ಹೊರಳಲು ಹೋದಾಗಲೆಲ್ಲ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳುತ್ತಿದ್ದರು, ಅದು ನಡುಗುತ್ತಲೇ ಕಾಲು ಎತ್ತಿಡುತ್ತಿತ್ತು. ನಾನು ಕೊರಳಪಟ್ಟಿ ಹಿಡಿದರೆ ಒಂದು ಹೆಜ್ಜೆ ಬರಲಿಲ್ಲ. ಬೆಳಗಿನ ಐದರ ಸುಮಾರಿಗೆ ಬಾಲ ಎತ್ತಿತು. ಸಾಹೇಬರು ಓಡಿಹೋಗಿ ಎರಡೂ ಕೈ ಬೊಗಸೆ ಮಾಡಿ ಒಡ್ಡಿದರು. ಹಬೆಯಾಡುವ ಲದ್ದಿಯನ್ನು ನನಗೆ ತೋರಿಸುತ್ತಾ, ‘ಹಾಕಿದ್ಲು ಡಾಕ್ಟ್ರೇ, ಹಾಕಿದ್ಲು!’ ಎಂದು ಅತ್ತುಬಿಟ್ಟರು. ‘ಇನ್ನೊಂದು ತಂದರಾಯಿತು’ ಎಂಬ ಮಾತನ್ನು ಆಮೇಲೆ ಯಾರ ಮನೆಯಲ್ಲೂ ನಾನು ಆಡಿಲ್ಲ.

ನಿಮ್ಮಣ್ಣನಿಗೆ ಪುರಾವೆ ಬೇಕೆಂದರೆ ಅದೂ ಇದೆ. ಫ್ರಾನ್ಸಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿನಿಸು ಕೊಟ್ಟು ನಯವಾಗಿ ಕಲಿಸಿದವರನ್ನು ಕುದುರೆಗಳು ಎಂಟು ತಿಂಗಳು ಬಿಟ್ಟಿದ್ದ ಮೇಲೂ ಮರೆತಿರಲಿಲ್ಲ. ಅದೂ ಸ್ವಲ್ಪ ಕಾಲ ಕಲಿಸಿದವರನ್ನು. ನಿಮ್ಮ ತಂದೆ ರಾಣಿಗೆ ಹುರುಳಿ ಬೇಯಿಸಿ ಹಾಕಿದ್ದು ಎಷ್ಟು ವರ್ಷ ಎಂದು ಅಣ್ಣನನ್ನೇ ಕೇಳಿ.

ಆದ್ದರಿಂದ ಕರೆದುಕೊಂಡು ಹೋಗಿ. ಮೊದಲೇ ಫೋನ್ ಮಾಡಿ, ಕೊಂಡವರ ಒಪ್ಪಿಗೆ ಪಡೆದು, ಅದು ಕೆಲಸ ಮುಗಿಸಿ ತಣ್ಣಗೆ ನಿಂತಿರುವ ಹೊತ್ತಿಗೆ ಹೋಗಿ. ತಂದೆಯವರಿಗೆ ಏನನ್ನೂ ಕಲಿಸಬೇಕಾಗಿಲ್ಲ. ಕಲಿಯಬೇಕಾದವರು ನೀವು, ನಿಮ್ಮ ಮಗ. ಹಣೆಯ ನೇರಕ್ಕೆ, ಬಾಲದ ನೇರಕ್ಕೆ ಕುದುರೆಗೆ ಕಣ್ಣು ಕಾಣುವುದಿಲ್ಲ. ಪಕ್ಕದಿಂದ, ಹೆಗಲ ಕಡೆಗೆ, ಮಾತಾಡುತ್ತಾ ಹೋಗಿ. ಚೀಲಗಟ್ಟಲೆ ಬೆಲ್ಲ, ಕ್ಯಾರೆಟ್ ಹೊರಬೇಡಿ, ಅಭ್ಯಾಸ ತಪ್ಪಿದ ಮೇವು ಹೊಟ್ಟೆ ಕೆಡಿಸುತ್ತದೆ. ಕತ್ತು ಬೆನ್ನಿಗೆ ಸೇರುವ ಕಡೆ, ಜೂಲು ಮುಗಿಯುವ ಆ ಉಬ್ಬನ್ನು ತಂದೆಯವರು ಕೆರೆಯಲಿ. ಕುದುರೆಗಳು ಒಂದನ್ನೊಂದು ಹಲ್ಲಿನಲ್ಲಿ ಕೆರೆದುಕೊಳ್ಳುವುದು ಅಲ್ಲಿಯೇ. ಅಲ್ಲಿ ಕೆರೆದರೆ ಎದೆಬಡಿತ ನಿಧಾನವಾಗುವುದನ್ನು ಅಳೆದು ನೋಡಿದ್ದಾರೆ. ಕೆಳತುಟಿ ಜೋತುಬಿದ್ದು ಕಣ್ಣು ಅರೆಮುಚ್ಚಿದರೆ, ಅದಕ್ಕೆ ಹಿತವಾಗಿದೆ.

ವಾಪಸ್ಸು ಬರುವಾಗ ತಂದೆಯವರು ಅಳಬಹುದು. ಅಳಲಿ. ಏಳು ತಿಂಗಳಿಂದ ಖಾಲಿ ಲಾಯದ ಮುಂದೆ ಒಬ್ಬರೇ ಕೂತು ನುಂಗಿಕೊಂಡದ್ದು ಅದು. ದಾರಿಯಲ್ಲಿ ಬೇರೆ ಮಾತು ತೆಗೆಯಬೇಡಿ. ಕೊಂಡವರು ಒಪ್ಪಿದರೆ ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಿ. ಮೊಮ್ಮಗನೂ ಜೊತೆಗಿರಲಿ, ಪೆನ್ಸಿಲ್ ಅವನದಲ್ಲವೇ?