ಏಳು ವಾರ ಬಿಟ್ಟ ಇಂಜೆಕ್ಷನ್

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ, ಮಂಡ್ಯದವಳು. ತೂಕ ಇಳಿಸಲು ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಇಂಜೆಕ್ಷನ್ ತಗೊಳ್ಳುತ್ತಿದ್ದೆ. 1.7 ಮಿಲಿಗ್ರಾಂವರೆಗೆ ಬಂದು 9 ಕೆ.ಜಿ. ಇಳಿದಿದ್ದೆ. ಮಗಳ ಮದುವೆ ಖರ್ಚು ಅಂತ ಏಳು ವಾರ ನಿಲ್ಲಿಸಿದೆ. 3 ಕೆ.ಜಿ. ವಾಪಸ್ ಬಂತು. ಫ್ರಿಜ್ಜಿನಲ್ಲಿ ಹಳೇ ಪೆನ್ ಇದೆ, ಅದನ್ನೇ ಚುಚ್ಚಿಕೊಳ್ಳಲೇ?

ಉತ್ತರ: ಬೇಡಮ್ಮ. ಈ ಔಷಧಿ ಮೈಯಲ್ಲಿ ಸುಮಾರು ವಾರಕ್ಕೊಮ್ಮೆ ಅರ್ಧ ಆಗುತ್ತಾ ಹೋಗುತ್ತದೆ. ಏಳು ವಾರಕ್ಕೆ ಹೆಚ್ಚುಕಡಿಮೆ ಖಾಲಿ. ಹೊಟ್ಟೆಗೆ ಅದರ ಅಭ್ಯಾಸವೂ ತಪ್ಪಿರುತ್ತದೆ. ಮೈಸೂರಿನ ನನ್ನ ಕ್ಲಿನಿಕ್ಕಿಗೆ ಒಬ್ಬರು ಹೀಗೇ ಹಳೇ ಡೋಸನ್ನೇ ಚುಚ್ಚಿಕೊಂಡು ಬಂದಿದ್ದರು. ಎರಡು ದಿನ ಬರೀ ವಾಂತಿ, ಕೊನೆಗೆ ಡ್ರಿಪ್ ಹಾಕಬೇಕಾಯಿತು.

ಒಂದು ವಾರ ತಪ್ಪಿದ್ದರೆ ಬೇರೆ ಮಾತು. ಇಷ್ಟು ದಿನ ಬಿಟ್ಟಾಗ ಸಾಮಾನ್ಯವಾಗಿ ಮತ್ತೆ 0.25ರಿಂದ ಶುರು ಮಾಡಿ, ನಾಲ್ಕು ವಾರಕ್ಕೊಮ್ಮೆ ಏರಿಸುತ್ತೇವೆ. ಆದರೆ ಚೀಟಿ ಬರೆದ ಡಾಕ್ಟರೇ ಅದನ್ನು ಹೇಳಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ಇದ್ದರೆ ಅದನ್ನೂ ಹೇಳಿ. ತೆರೆದ ಪೆನ್ನಿನ ಬಾಳಿಕೆ ಕೆಲವೇ ವಾರ, ಬಿಸಾಡಿ.

ತೂಕ ವಾಪಸ್ ಬಂದಿದ್ದು ನಿಮ್ಮ ತಪ್ಪಲ್ಲ. ಮದುವೆ ಮನೆ ಹೋಳಿಗೆಯನ್ನೇ ಬೈಯಬೇಡಿ. ಒಂದು ಅಧ್ಯಯನದಲ್ಲಿ ನಿಲ್ಲಿಸಿದವರಿಗೆ ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತ್ತು. ಖರ್ಚೇ ತೊಂದರೆ ಆದರೆ ಡಾಕ್ಟರಿಗೆ ಮೊದಲೇ ಹೇಳಿ, ಅಲ್ವಾ? ಮತ್ತೆ ಶುರು ಮಾಡಿದ ಮೇಲೆ ಬೆನ್ನಿಗೆ ಹರಡುವ ಜೋರು ಹೊಟ್ಟೆನೋವು ಬಂದರೆ ಇಂಜೆಕ್ಷನ್ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ.