ಬಾಯಾರುವ ಮೊದಲೇ ನೀರು ಕುಡಿಯಬೇಕಾ?

ಏಪ್ರಿಲ್ ಬಿಸಿಲಲ್ಲಿ ಹತ್ತು ಕಿಲೋಮೀಟರ್ ಓಡುವಾಗ ಬಾಯಾರುವ ತನಕ ಕಾಯಬೇಕಾ, ಮೊದಲೇ ಕುಡಿಯುತ್ತಾ ಹೋಗಬೇಕಾ ಅಂತ ಕೇಳಿದ್ದೀರಿ. ಒಂದು ಗಂಟೆಯ ಓಟವಾದರೆ, ಮನೆಯಿಂದಲೇ ಸಾಕಷ್ಟು ಕುಡಿದು ಹೊರಡಿ. ಆಮೇಲೆ ಬಾಯಾರಿದಾಗ ಕುಡಿದರೆ ಸಾಕು.

ನಾನು ಕಲಬುರಗಿಯಲ್ಲೂ ಓಡಿದ್ದೇನೆ, ಮಂಗಳೂರಿನಲ್ಲೂ ಓಡಿದ್ದೇನೆ. ಕಲಬುರಗಿಯ ಒಣ ಗಾಳಿಯಲ್ಲಿ ಬೆವರಿದ್ದೇ ಗೊತ್ತಾಗುವುದಿಲ್ಲ. ಬಟ್ಟೆಯ ಮೇಲೆ ಬಿಳಿ ಉಪ್ಪಿನ ಗೆರೆ ಕಂಡಾಗಲೇ ತಿಳಿಯುವುದು. ಮಂಗಳೂರಿನಲ್ಲಿ ಮೊಣಕೈಯಿಂದ ತೊಟ್ಟಿಕ್ಕುತ್ತದೆ, ಆದರೆ ಮೈ ತಂಪಾಗುವುದಿಲ್ಲ. ಆರಿದ ಬೆವರು ಮಾತ್ರ ಬಿಸಿಯನ್ನು ಒಯ್ಯುತ್ತದೆ, ನೆಲಕ್ಕೆ ಬಿದ್ದದ್ದು ಸುಮ್ನೆ ಹೋದ ನೀರು.

ಬೆವರು ಜಾಸ್ತಿ ಹೋದಂತೆ ರಕ್ತದಲ್ಲಿನ ನೀರೂ ಇಳಿಯುತ್ತದೆ. ಒಂದೊಂದು ಬಡಿತಕ್ಕೆ ಹೃದಯ ತಳ್ಳುವ ರಕ್ತ ಕಡಿಮೆಯಾಗಿ, ಬಡಿತ ಏರುತ್ತದೆ. ಇರುವ ರಕ್ತ ಕಾಲಿನ ಸ್ನಾಯುಗಳಿಗೂ ಬೇಕು, ಬಿಸಿ ಹೊರಹಾಕಲು ಚರ್ಮಕ್ಕೂ ಬೇಕು. ಅದಕ್ಕೇ ನಿನ್ನೆ ಸಲೀಸಾಗಿದ್ದ ವೇಗ ಇವತ್ತು ಭಾರ ಅನ್ನಿಸುವುದು. ಸಾಮಾನ್ಯವಾಗಿ ಮೈತೂಕದ ಶೇ. 2ರಷ್ಟು ನೀರು ಹೋದ ಮೇಲೆ ಇದು ಓಟದಲ್ಲಿ ಕಾಣುತ್ತದೆ. 60 ಕೆಜಿಯವರಿಗೆ ಅದು 1.2 ಲೀಟರ್.

ನಿಮ್ಮ ಬೆವರು ಎಷ್ಟು ಅಂತ ನೀವೇ ಅಳೆಯಿರಿ. ಮೂತ್ರ ಮಾಡಿ ಬಂದು, ಬಟ್ಟೆ ಆದಷ್ಟು ಕಡಿಮೆ ಇಟ್ಟುಕೊಂಡು ತೂಕ ನೋಡಿ. ಓಡಿ ಬಂದ ಮೇಲೆ ಮೈ ಒರೆಸಿ, ಒದ್ದೆ ಬಟ್ಟೆ ತೆಗೆದು ಮತ್ತೆ ನೋಡಿ. ಒಂದು ಕೆಜಿ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಹೋಗಿದೆ. ಮಧ್ಯೆ ಕುಡಿದಿದ್ದನ್ನೂ ಅದಕ್ಕೆ ಕೂಡಿಸಿ. ಗಂಟೆಗೆ ಒಂದೂವರೆ ಲೀಟರ್ ಬೆವರುವವರೂ ಇದ್ದಾರೆ. ಅಂಥವರು ಎರಡು ಗಂಟೆ ಓಡುವುದಾದರೆ ಬಾಯಾರಿಕೆಯನ್ನೇ ನಂಬಿ ಕೂರಬಾರದು. ಎರಡು ಗುಟುಕು ಗಂಟಲಿಗಿಳಿದರೆ ಸಾಕು, ನೀರು ರಕ್ತ ಸೇರುವ ಮೊದಲೇ ದಾಹ ತಣಿದುಬಿಡುತ್ತದೆ.

ಓಡಿ ಬಂದಾಗ ತೂಕ ಏರಿದ್ದರೆ, ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದಿದ್ದರೆ, ದಯವಿಟ್ಟು ಎಚ್ಚರವಾಗಿರಿ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ, ಅಂದರೆ ರಕ್ತದ ಉಪ್ಪಿನಂಶ, ಇರಬೇಕಾದ್ದಕ್ಕಿಂತ ಕಡಿಮೆಯಿತ್ತು. ಓಡುತ್ತಾ ತೂಕ ಹೆಚ್ಚಿಸಿಕೊಂಡವರಲ್ಲೇ ಇದು ಜಾಸ್ತಿ. ಇದು ಪ್ರಾಣಕ್ಕೂ ಕುತ್ತು ತರುವ ತೊಂದರೆ.

ಇನ್ನು, ಬಿಸಿಲಿಗೆ ಮೈ ಒಗ್ಗಲು ಎರಡು ವಾರ ಬೇಕು. ಆ ದಿನಗಳಲ್ಲಿ ನಿಧಾನವಾಗಿ ಓಡಿ. ನೀರು ಸರಿಯಾಗಿ ಕುಡಿದವರಿಗೂ ಬಿಸಿಲಾಘಾತ ಆಗಬಹುದು. ತಲೆ ಸುತ್ತಿದರೆ ಅಥವಾ ಸುಡುಬಿಸಿಲಲ್ಲೂ ಚಳಿಯಾದರೆ ತಕ್ಷಣ ನಿಂತು, ನೆರಳಿಗೆ ಹೋಗಿ ಮೈಮೇಲೆ ನೀರು ಸುರಿದುಕೊಳ್ಳಿ. ಮಾತು ತೊದಲಿದರೆ ಜೊತೆಯಲ್ಲಿದ್ದವರು ಆಸ್ಪತ್ರೆಗೆ ಕರೆದೊಯ್ಯಬೇಕು.